ಪ್ರಿಂಟಿಂಗ್ ಕಾಲ ಮುಗಿಯಿತಂತೆ, ಗ್ರಾಫಿಕ್ ಕಮ್ಯುನಿಕೇಶನ್ (ಡಿಸೈನ್ ಮತ್ತು ಮುದ್ರಣದ ಕೋರ್ಸ್) ಓದಿದರೆ ಕೆಲಸ ಸಿಗುತ್ತಾ?

ಪಿಯುಸಿ ಮುಗಿಸಿ ನಾನೂ ಇದನ್ನೇ ಕೇಳುತ್ತಾ ಓಡಾಡಿದವನು. ಎಲ್ಲರೂ "ಪ್ರಿಂಟಿಂಗ್ ಯಾಕೆ, ಕಂಪ್ಯೂಟರಲ್ಲಿ ಡಿಸೈನ್ ಕಲಿ" ಅಂದರು. ಕಲಿತೆ. ಲೋಗೊ, ಪೋಸ್ಟರ್, ಎಲ್ಲ ಪರದೆಯ ಮೇಲೇ. ಕಾಲೇಜಿನವರು ಪ್ರೆಸ್ ತೋರಿಸಲು ಕರೆದುಕೊಂಡು ಹೋದಾಗ ನಾನು ಹೊರಗೆ ಟೀ ಕುಡಿಯುತ್ತಾ ನಿಂತಿದ್ದೆ.

ಆಮೇಲೆ ಬೆಂಗಳೂರಿನ ಒಂದು ಸಣ್ಣ ಆಫ್‌ಸೆಟ್ ಪ್ರೆಸ್‌ನಲ್ಲಿ ಡಿಟಿಪಿ (ಕಂಪ್ಯೂಟರಲ್ಲಿ ಪುಟ ಜೋಡಿಸುವ) ಕೆಲಸ ಸಿಕ್ಕಿತು. ಒಂದು ಶಾಲೆಯ ಸ್ಮರಣ ಸಂಚಿಕೆ ಬಂತು. ನನಗೆ ಫೋಟೊ ತಿದ್ದುವ ಫೋಟೊಶಾಪ್ ಚೆನ್ನಾಗಿ ಗೊತ್ತು, ಪುಟ ಜೋಡಿಸುವ ಇನ್‌ಡಿಸೈನ್ ಅಷ್ಟಕ್ಕಷ್ಟೆ. ಲೇಖನಗಳ ಸಮೇತ ಎಲ್ಲ ಪುಟಗಳನ್ನೂ ಫೋಟೊಶಾಪ್‌ನಲ್ಲಿ, ಆರ್‌ಜಿಬಿಯಲ್ಲಿ (ಪರದೆಯ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕ) ಮಾಡಿದೆ. ಕೊನೆಗೆ ಸಿಎಂವೈಕೆಗೆ (ಪ್ರೆಸ್‌ನ ನಾಲ್ಕು ಶಾಯಿಗಳ ಲೆಕ್ಕ: ಸಯಾನ್ ಅಂದರೆ ತಿಳಿನೀಲಿ, ಮೆಜೆಂಟಾ ಅಂದರೆ ಕಡುಗುಲಾಬಿ, ಹಳದಿ, ಕಪ್ಪು) ಬದಲಾಯಿಸಿ ಕಳಿಸಿದೆ. ಎಡವಟ್ಟಾಗಿದ್ದು ಅಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಪರದೆಯಲ್ಲಿ ಕಪ್ಪು ಅಂದರೆ ಬೆಳಕಿಲ್ಲ ಅಷ್ಟೆ. ಪ್ರೆಸ್‌ನಲ್ಲಿ ಕಪ್ಪು ಒಂದು ಶಾಯಿ. ನನ್ನ ಫೋಟೊಶಾಪ್‌ನಲ್ಲಿದ್ದ ಸೆಟ್ಟಿಂಗ್ ಆ ಕಪ್ಪನ್ನು ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಅಂತ ಒಡೆದಿತ್ತು. ಕೂಡಿದರೆ 300 ಪರ್ಸೆಂಟ್ ಶಾಯಿ! ನಾಲ್ಕೂ ಬಣ್ಣ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಮೆಷಿನ್ ಓಡುವಾಗ ಸ್ವಲ್ಪವಾದರೂ ಕದಲುತ್ತವೆ. ದೊಡ್ಡ ತಲೆಬರಹದಲ್ಲಿ ಅದು ಗೊತ್ತಾಗುವುದಿಲ್ಲ. 10 ಪಾಯಿಂಟ್ ಕನ್ನಡದಲ್ಲಿ ಒತ್ತು, ಕೊಂಬು ಎಲ್ಲ ಕಲೆಸಿಹೋಗುತ್ತವೆ, ಅಂಚಿಗೆ ಗುಲಾಬಿ ನೆರಳು ಬೇರೆ. ಶಾಯಿ ಬೇಗ ಒಣಗದೆ ಮೇಲೆ ಬಿದ್ದ ಹಾಳೆಯ ಬೆನ್ನಿಗೂ ಮೆತ್ತಿತು. ಇನ್‌ಡಿಸೈನ್‌ನಲ್ಲೇ ಟೈಪ್ ಮಾಡಿ ಬರೀ ಕಪ್ಪು 100 ಇಟ್ಟಿದ್ದರೆ ಅಕ್ಷರಕ್ಕೆ ಒಂದೇ ಪ್ಲೇಟು (ಒಂದೊಂದು ಶಾಯಿಗೂ ಒಂದೊಂದು ಅಚ್ಚಿನ ತಗಡು ಇರುತ್ತದೆ), ತಕರಾರೇ ಇರುತ್ತಿರಲಿಲ್ಲ. (ಅಲ್ಲೂ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ಯೂನಿಕೋಡ್ ಒತ್ತಕ್ಷರಗಳು ಚೆಲ್ಲಾಪಿಲ್ಲಿ.)

ಮೆಷಿನ್ ಓಡಿಸುವ ಅಣ್ಣ ಮೊದಲ ಹಾಳೆ ನೋಡಿಯೇ "ಇದು ನಾಲ್ಕು ಕಲರ್ ಬ್ಲ್ಯಾಕ್ ಕಣೋ" ಅಂದಿದ್ದರು. ನನಗೆ ಅರ್ಥವಾಗಲಿಲ್ಲ, ಕೇಳಲೂ ನಾಚಿಕೆ. "ಟೈಮಿಲ್ಲ, ಓಡಿಸಿ ಅಣ್ಣ" ಅಂದೆ. ಪೂರ್ತಿ ಮತ್ತೆ ಪ್ರಿಂಟ್ ಮಾಡಬೇಕಾಯಿತು. ಪೇಪರ್ ದುಡ್ಡು ನನ್ನ ಸಂಬಳದಲ್ಲಿ ಹಿಡಿದರು, ಆಮೇಲೆ ಕೆಲಸವೂ ಹೋಯಿತು.

ನಿಮ್ಮ ಪ್ರಶ್ನೆಗೆ ಬರೋಣ. ಪ್ರಿಂಟಿಂಗ್ ಮುಗಿಯಿತು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಪೇಪರ್, ಪತ್ರಿಕೆ ಕಮ್ಮಿಯಾಗಿವೆ, ನಿಜ. ಆದರೆ ಮಾತ್ರೆಯ ಸ್ಟ್ರಿಪ್, ಬಿಸ್ಕತ್ ಪ್ಯಾಕೆಟ್, ಆನ್‌ಲೈನಲ್ಲಿ ತರಿಸುವ ಡಬ್ಬ? ನಾನೀಗ ಪ್ಯಾಕೇಜಿಂಗ್ ಪ್ರೀಪ್ರೆಸ್‌ನಲ್ಲಿದ್ದೇನೆ, ಅಂದರೆ ಪ್ಯಾಕೆಟ್ ಡಿಸೈನನ್ನು ಪ್ರಿಂಟಿಗೆ ಸಿದ್ಧಮಾಡುವ ಕೆಲಸ. ಪ್ಯಾಕೆಟ್ ಪ್ರಿಂಟ್ ಮಾಡುವ ಫ್ಲೆಕ್ಸೊ ಮೆಷಿನ್ನಿನ ಮೆತ್ತನೆಯ ಪ್ಲೇಟು ಸಿಲಿಂಡರ್‌ಗೆ ಸುತ್ತಿದಾಗ ಹಿಗ್ಗುತ್ತದೆ, ಹಾಗಾಗಿ ಡಿಸೈನನ್ನು ಮೊದಲೇ ಲೆಕ್ಕ ಹಾಕಿ ಕುಗ್ಗಿಸಬೇಕು. ಇಂಥದ್ದು ಗೊತ್ತಿರುವ ಡಿಸೈನರ್ ಸಿಗುವುದೇ ಕಷ್ಟ. ಕಲರ್ ಮ್ಯಾಚಿಂಗ್, ಎಸ್ಟಿಮೇಶನ್ (ಪ್ರಿಂಟಿನ ಖರ್ಚಿನ ಅಂದಾಜು), ಡಬ್ಬದ ಕಟಿಂಗ್ ವಿನ್ಯಾಸ, ಇವೂ ಇದೇ ಓದಿನ ಕೆಲಸಗಳು.

ಬರೀ ಆ್ಯಪ್ ಡಿಸೈನ್ ಬೇಕಿದ್ದರೆ ಈ ಕೋರ್ಸೇ ಬೇಡ. ಚಿತ್ರ ಬಿಡಿಸುವ ಹುಚ್ಚಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಅಪ್ಲೈಡ್ ಆರ್ಟ್ (ಜಾಹೀರಾತು, ಪೋಸ್ಟರ್‌ನಂಥ ಬಳಕೆಯ ಕಲೆ) ನೋಡಿ. ಮೆಷಿನ್ ಕಡೆ ಒಲವಿದ್ದರೆ ಬೆಂಗಳೂರಿನ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆಯ ಡಿಪ್ಲೊಮಾ. ಯಾವ ಕಾಲೇಜಾದರೂ ಫೀಸ್ ಕಟ್ಟುವ ಮುಂಚೆ ಅಲ್ಲಿನ ಪ್ರೆಸ್ ಲ್ಯಾಬ್ ನೋಡಿ, ವಿದ್ಯಾರ್ಥಿಗಳೇ ಮೆಷಿನ್ ಓಡಿಸುತ್ತಾರಾ ಕೇಳಿ. ಶುರುವಿನ ಸಂಬಳ ಐಟಿಯವರಷ್ಟು ಇರುವುದಿಲ್ಲ, ಅದನ್ನು ಮನೆಯಲ್ಲಿ ಈಗಲೇ ಹೇಳಿಬಿಡಿ.