ಕಲ್ಲುಸಕ್ಕರೆಯ ಪುಡಿ, ಚಮಚದ ಮಸಿ

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರ: “ಗಾಳಿಯಲ್ಲಿರುವ ಧೂಳು, ಹೊಗೆ ಬಿಸಿಲನ್ನು ಬಂದ ದಾರಿಗೇ ಅಟ್ಟಿ ಭೂಮಿಯನ್ನು ತಂಪಾಗಿಸುತ್ತವೆ ಎಂದು ಓದಿದೆ. ಹಾಗಿದ್ದ ಮೇಲೆ ತರಗೆಲೆ ಸುಡುವವರನ್ನು ನಿಮ್ಮ ಪತ್ರಿಕೆ ಏಕೆ ಬೈಯುತ್ತದೆ? ಹೊಗೆಯೂ ಒಂದು ನೆರಳಲ್ಲವೇ?”

ಸಂಪಾದಕರ ಉತ್ತರ:

ನೀವು ಓದಿದ್ದು ಸುಳ್ಳಲ್ಲ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕದ ಅನಿಲ ಬಹಳ ಎತ್ತರಕ್ಕೇರಿ ನವಿರಾದ ಹನಿಗಳಾಗಿ ಹರಡಿತು. ಮರುವರ್ಷ ಭೂಮಿಯ ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿ ಇಳಿಯಿತು. ಅದನ್ನು ನಾವೇ ಮಾಡಿ ನೋಡೋಣ ಎನ್ನುವ ವಿಜ್ಞಾನಿಗಳೂ ಇದ್ದಾರೆ, ಅವರೇನು ದಡ್ಡರಲ್ಲ. ಅವರಿಗೆ ಸಲ್ಲಬೇಕಾದ ಮರ್ಯಾದೆ ಸಂದಿತು, ಇನ್ನು ನನ್ನ ಮಾತು.

ಅಡುಗೆಮನೆಯಿಂದ ಒಂದು ತುಂಡು ಕಲ್ಲುಸಕ್ಕರೆ ತನ್ನಿ. ಕಿಟಕಿಯ ಬೆಳಕಿಗೆ ಹಿಡಿದರೆ ಬೆಳಕು ಮಸುಕಾಗಿ ಹಾಯುತ್ತದೆ. ಅದನ್ನೇ ಕುಟ್ಟಿ ಪುಡಿ ಮಾಡಿ, ಹಾಲಿನಂತೆ ಬೆಳ್ಳಗಾಗುತ್ತದೆ. ಸಕ್ಕರೆ ಹೆಚ್ಚಲಿಲ್ಲ, ಬೆಳಕು ಬಡಿದು ಚದುರುವ ಮುಖಗಳು ಹೆಚ್ಚಿದವು. ಮೋಡದ ಗುಟ್ಟೂ ಇದೇ. ನೀರು ಅಷ್ಟೇ ಇದ್ದು ಗಾಳಿಯಲ್ಲಿ ಕಣಗಳು ಹೆಚ್ಚಿದರೆ ಹನಿಗಳು ಸಣ್ಣವಾಗುತ್ತವೆ, ಹಲವಾಗುತ್ತವೆ, ಮೋಡ ಇನ್ನಷ್ಟು ಬಿಳುಪಾಗುತ್ತದೆ. 1970ರ ದಶಕದಲ್ಲಿ ಟ್ವೋಮಿ ಎಂಬ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹಡಗಿನ ಹೊಗೆ ಕಡಲ ಮೋಡಗಳ ಮೇಲೆ ಎಳೆಯುವ ಬಿಳಿ ಗೆರೆಗಳು ಉಪಗ್ರಹದ ಚಿತ್ರಗಳಲ್ಲಿ ಕಾಣುತ್ತವೆ.

ಈಗ ದೀಪದ ಮೇಲೆ ಚಮಚ ಹಿಡಿದು, ಕಟ್ಟಿದ ಮಸಿಯನ್ನು ಆ ಪುಡಿಗೆ ಬೆರೆಸಿ. ಎಲ್ಲಿ ಹೋಯಿತು ಬಿಳುಪು? ತರಗೆಲೆಯ ಹೊಗೆಯಲ್ಲಿ ಈ ಮಸಿಯೂ ಇದೆ ಸ್ವಾಮಿ. ಅದು ಬಿಸಿಲನ್ನು ಹಿಂದಕ್ಕೆ ಕಳುಹಿಸುವುದಿಲ್ಲ, ನುಂಗುತ್ತದೆ. ಗಾಳಿ ಕಾಯುತ್ತದೆ, ನೆಲ ಮಂಕಾಗುತ್ತದೆ. 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ‘ಇಂಡೋಯೆಕ್ಸ್’ ಅಧ್ಯಯನ ನಮ್ಮ ಉಪಖಂಡದಿಂದ ಹೋದ ಕಂದು ಮಬ್ಬಿನಲ್ಲಿ ಕಂಡದ್ದೂ ಇದನ್ನೇ. ಅದರ ಮುಂದಾಳುಗಳಲ್ಲಿ ಒಬ್ಬರಾದ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಕಡಲಿಗೆ ಬೀಳುವ ಬಿಸಿಲು ತಗ್ಗಿದರೆ ಆವಿ ಏಳುವುದೂ ತಗ್ಗುತ್ತದೆ. ಮಳೆಯನ್ನೇ ನಂಬಿದ ಊರಿನವರು ಇದನ್ನು ನೆರಳು ಎಂದು ಕರೆಯುವುದೇ?

ನೆರಳಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಅತ್ತಿ, ಹಲಸಿನ ನೆರಳಿಗೂ ಸಿಲ್ವರ್ ಓಕ್‌ನ ನೆರಳಿಗೂ ಇರುವ ಅಂತರ ಬಲ್ಲವರು ನೀವು. ಮರದ ನೆರಳು ಹೆಚ್ಚಾದರೆ ಆಳು ಹತ್ತಿಸಿ ಕೊಂಬೆ ಕಡಿಸುತ್ತೀರಿ. ಆಕಾಶದ ಹೊಗೆಗೆ ಯಾವ ಏಣಿ ಹಾಕುತ್ತೀರಿ? ಕಳೆದ ಜನವರಿಯಲ್ಲಿ ನೆರೆಯವರು ನಾಲ್ಕು ದಿನ ಕಸ ಸುಟ್ಟರು. ನಮ್ಮ ಕಣದ ಕಾಫಿ ಸರಿಯಾಗಿ ಒಣಗಲಿಲ್ಲ. ಹೊದಿಸಿದ ಟಾರ್ಪಾಲಿನ ಮೇಲೆ ಬೆರಳಾಡಿಸಿದರೆ ಗೆರೆ ಮೂಡುತ್ತಿತ್ತು.

ನನ್ನ ಹಳೆಯ ಕೊರಗೊಂದಿದೆ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು) ತಪ್ಪದೆ ಬರೆದಿಡುತ್ತಾರೆ. ಕಾಫಿ ಹೂ ಅರಳಿಸುವ ಹೂ ಮಳೆ ಹತ್ತು ಸೆಂಟು ಕಡಿಮೆ ಬಿದ್ದರೆ ಮದುವೆ ಮನೆಯಲ್ಲೂ ಅದೇ ಚರ್ಚೆ. ಆದರೆ ಮಬ್ಬಿನಲ್ಲಿ ಪುಷ್ಪಗಿರಿ ಬೆಟ್ಟ ಕಾಣದೇ ಹೋದ ದಿನವನ್ನು ಯಾರೂ ಬರೆಯಲಿಲ್ಲ. ಬರೆದಿದ್ದರೆ ಇಂದು ನಿಮಗೆ ಉತ್ತರ ಕೊಡಲು ನನಗೆ ಚಮಚ ಬೇಕಾಗುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಮಳೆ ಪುಸ್ತಕವಿದ್ದರೆ ತಿಳಿಸಿ, ನೋಡಲು ಬರುತ್ತೇನೆ. ಬೆಲ್ಲದ ಕಾಫಿ ಸಾಕು. ಅಂದು ಮಾತ್ರ ತರಗೆಲೆಗೆ ಬೆಂಕಿ ಇಡಬೇಡಿ.