ಹೊಸ ಫೋನೋ ಪ್ರಿಆಂಪ್ ಪಳಗಲು ನೂರಾರು ಗಂಟೆ ಬೇಕೇ?

ನೂರಾರು ಗಂಟೆ ಓಡಿಸಿದ ಮೇಲೆಯೇ, ರೆಕಾರ್ಡ್ ಪ್ಲೇಯರಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಫೋನೋ ಪ್ರಿಆಂಪ್‌ನ ನಿಜವಾದ ದನಿ ಕೇಳುತ್ತದೆಯೇ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅಷ್ಟು ಕಾಯಬೇಕಿಲ್ಲ.

ಅದರೊಳಗೆ ಬಹುಕಾಲ ವಿದ್ಯುತ್ತಿಲ್ಲದೆ ಉಳಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ (ವಿದ್ಯುದಾವೇಶ ಹಿಡಿದಿಡುವ ಬಿಡಿಭಾಗಗಳ) ಆಕ್ಸೈಡ್ ಪದರ ವೋಲ್ಟೇಜ್ ಸಿಕ್ಕಾಗ ಮತ್ತೆ ಗಟ್ಟಿಯಾಗುತ್ತದೆ. ಅದಕ್ಕೆ ಸಾಧನ ಚಾಲೂ ಇದ್ದರೆ ಸಾಕು, ರೆಕಾರ್ಡ್ ತಿರುಗಲೇಬೇಕೆಂದಿಲ್ಲ. ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಇರುವ ಮಾದರಿಯಾದರೆ ಪ್ರತಿ ಸಲ ಅರ್ಧ ಗಂಟೆ ಬಿಸಿಯಾಗಲು ಬಿಡಿ.

ನಿಜಕ್ಕೂ ಪಳಗುವುದು ಹೊಸ ಕಾರ್ಟ್ರಿಜ್, ಅಂದರೆ ರೆಕಾರ್ಡಿನ ಮೇಲೆ ಓಡುವ ಸೂಜಿಯಿರುವ ಭಾಗ. ಸೂಜಿಯ ಕಡ್ಡಿಯನ್ನು ಹಿಡಿದಿರುವ ರಬ್ಬರ್ ಬಳಸುತ್ತಾ ಹೋದಂತೆ ಸಡಿಲಗೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಕೊಂಡವರು ಆ ಬದಲಾವಣೆಯ ಶ್ರೇಯವನ್ನು ಪ್ರಿಆಂಪ್‌ಗೆ ಕೊಟ್ಟುಬಿಡುತ್ತಾರೆ. ಕಿವಿಯೂ ಹೊಸ ದನಿಗೆ ಒಗ್ಗಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ: ಬೇಗ ಪಳಗಿಸಲೆಂದು ಸಿ.ಡಿ. ಪ್ಲೇಯರನ್ನು ನೇರವಾಗಿ ಫೋನೋ ಇನ್‌ಪುಟ್‌ಗೆ ಜೋಡಿಸುವುದು. ಮೂವಿಂಗ್ ಮ್ಯಾಗ್ನೆಟ್ ಎಂಬ ಸಾಮಾನ್ಯ ಬಗೆಯ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್, ಸಿ.ಡಿ. ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್, ಅಂದರೆ 400 ಪಟ್ಟು. ಮೇಲಾಗಿ ಆರ್‌ಐಎಎ ಈಕ್ವಲೈಸೇಶನ್ (ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಮಂದ್ರವನ್ನೂ ಏರಿಸಿದ ತಾರವನ್ನೂ ಮತ್ತೆ ಸರಿದೂಗಿಸುವ ವ್ಯವಸ್ಥೆ) 20 ಹರ್ಟ್ಜ್‌ನ ಮಂದ್ರವನ್ನು ಹತ್ತಿರಹತ್ತಿರ 20 ಡೆಸಿಬೆಲ್ ಎತ್ತುತ್ತದೆ. ಸ್ಪೀಕರ್ ಹಾಳಾಗಬಹುದು.

ದನಿ ಈಗಲೇ ಒರಟಾಗಿದ್ದರೆ ಗೇನ್ (ಹಿಗ್ಗಿಸುವ ಪ್ರಮಾಣ), ಲೋಡ್ (ಕಾರ್ಟ್ರಿಜ್‌ಗೆ ಪ್ರಿಆಂಪ್ ಒಡ್ಡುವ ರೋಧ; ಮೂವಿಂಗ್ ಮ್ಯಾಗ್ನೆಟ್‌ಗೆ ಸಾಮಾನ್ಯವಾಗಿ 47 ಕಿಲೋ ಓಮ್) ಮತ್ತು ಸೂಜಿ ರೆಕಾರ್ಡಿನ ಮೇಲೆ ಹಾಕುವ ಭಾರ ಸರಿಯಿವೆಯೇ ನೋಡಿ. ಆಮೇಲೂ ಹಿಡಿಸದಿದ್ದರೆ, ವಾಪಸು ಕೊಡುವ ಅವಧಿ ಮುಗಿಯುವ ಮುನ್ನವೇ ಹಿಂದಿರುಗಿಸಿ.