ಕಂಟ್ರೋಲ್ ದಿನಾ ಜಾಸ್ತಿ ಬರ್ತಿದೆ, ಫ್ಯಾಕ್ಟರ್ ತಿದ್ದಬೇಕಾ ಅಥವಾ ಹೊಸ ಮಷೀನ್ ತಗೋಬೇಕಾ?

ಎರಡೂ ಬೇಡ. ವಾರದಿಂದ ಎಲ್ಲಾ ಟೆಸ್ಟಿಗೂ ಕಂಟ್ರೋಲ್ (ಮಷೀನ್ ಸರಿ ಓದುತ್ತಿದೆಯಾ ನೋಡೋಕೆ ಓಡಿಸೋ, ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರೋ ಸ್ಯಾಂಪಲ್) ಜಾಸ್ತಿ ಬರುತ್ತಿದೆ ಅಂತ ದುರ್ಗದಿಂದ ಬರೆದಿದ್ದೀರಿ. ಫ್ಯಾಕ್ಟರ್, ಅಂದರೆ ಮಷೀನ್ ಓದಿದ್ದನ್ನು ರಿಪೋರ್ಟಿನ ಅಂಕಿ ಮಾಡೋ ಗುಣಕ, ಅದನ್ನು ತಿದ್ದೋ ಕೆಲಸ ನಾನು ಮಾಡಿ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ.

ಆಗ ನನಗೆ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ದಾವಣಗೆರೆಯ ಒಂದು ಸಣ್ಣ ಲ್ಯಾಬಿನಲ್ಲಿ ಎರಡನೇ ವರ್ಷ. ಒಂದು ಸೆಮಿ ಆಟೋ ಅನಲೈಸರ್, ಒಂದು ಸೆಂಟ್ರಿಫ್ಯೂಜ್. ಏಪ್ರಿಲ್ ತಿಂಗಳು, ಬೆಳಿಗ್ಗೆ ಎಂಟಕ್ಕೇ ಸೆಕೆ. ಹೊರಗೆ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಕೂತ ಹತ್ತು ಹನ್ನೆರಡು ಜನ, ಒಳಗೆ ನಾನೊಬ್ಬ. ಹೊಸ ಕಂಟ್ರೋಲ್ ಬಾಟಲಿ ತೆಗೆದೆ. ಪುಡಿಗೆ ಸರಿಯಾಗಿ 5 ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಪಿಪೆಟ್ ಹಿಂದಿನ ವಾರ ಸಿಂಕಿನಲ್ಲಿ ಒಡೆದಿತ್ತು. ಕೈಗೆ ಸಿಕ್ಕಿದ್ದು 2 ಎಂಎಲ್ ಸಿರಿಂಜ್. ಎರಡು ಸಲ ತುಂಬಾ, ಆಮೇಲೆ ಅರ್ಧ, ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಆ 'ಅರ್ಧ'ದಲ್ಲೇ ಕೆಟ್ಟಿದ್ದು. ಅರ್ಧ ಅಂದರೆ ಅರ್ಧ ಸಿರಿಂಜ್, ಅಂದರೆ 1 ಎಂಎಲ್. ಅಷ್ಟರಲ್ಲಿ ಯಾರೋ ರಿಪೋರ್ಟ್ ಕೇಳಿಕೊಂಡು ಬಂದರು, ಅವರಿಗೆ ಉತ್ತರ ಕೊಡುತ್ತಾ ನಾನು ಎಳೆದಿದ್ದು ಅರ್ಧ ಎಂಎಲ್. ಎರಡು, ಎರಡು, ಅರ್ಧ: 4.5. ನೀರು ಹತ್ತನೇ ಒಂದು ಭಾಗ ಕಮ್ಮಿ ಆದರೆ ಬಾಟಲಿಯಲ್ಲಿರೋ ಶುಗರ್, ಯೂರಿಯಾ, ಕ್ರಿಯಾಟಿನಿನ್, ಕ್ಯಾಲ್ಸಿಯಂ ಎಲ್ಲವೂ ಶೇಕಡಾ 11ರಷ್ಟು ಗಟ್ಟಿ ಆಗುತ್ತದೆ. ಅಲುಗಾಡಿಸದೆ ಅರ್ಧ ಗಂಟೆ ಇಟ್ಟೆ, ನೊರೆ ಬರದ ಹಾಗೆ ಮೆಲ್ಲಗೆ ತಿರುಗಿಸಿದೆ, ಅದೆಲ್ಲ ಪಾಠದಲ್ಲಿದ್ದ ಹಾಗೇ ಮಾಡಿದೆ. ಫ್ರೀಜರಿನಲ್ಲಿಡೋಕೆ ಅರ್ಧರ್ಧ ಎಂಎಲ್ ಕಪ್ಪಿಗೆ ಹಾಕಿದೆ. ಹತ್ತು ಕಪ್ ಆಗಬೇಕಿತ್ತು, ಒಂಬತ್ತೇ ಆಯಿತು. ಸ್ವಲ್ಪ ಚೆಲ್ಲಿರಬೇಕು ಅಂದುಕೊಂಡೆ! ಕಣ್ಣೆದುರೇ ಒಂದು ಕಪ್ ಖಾಲಿ ಉಳಿದಿದ್ದರೂ ಹೊಳೆಯಲಿಲ್ಲ ನೋಡಿ.

ಕಂಟ್ರೋಲ್ ಓಡಿಸಿದೆ. ಎಲ್ಲವೂ ಮೇಲಕ್ಕೆ 3 ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಸಹಜ ಏರಿಳಿತದ ಅಳತೆ) ಹತ್ತಿರ, ಕೆಲವು ದಾಟಿ. ಮತ್ತೆ ಓಡಿಸಿದೆ, ಅದೇ. ಹೊರಗೆ ಜನ ಗೊಣಗುತ್ತಿದ್ದರು. ಒಂದೊಂದು ಟೆಸ್ಟಿಗೂ ಹೋಗಿ ಫ್ಯಾಕ್ಟರ್ ಹತ್ತು ಪರ್ಸೆಂಟ್ ಇಳಿಸಿದೆ. ತಕ್ಷಣ ಎಲ್ಲಾ ಸರಿಹೋಯಿತು. ಮಂಡಿಯಲ್ಲಿ ತೂಕದ ಕಲ್ಲು ತಪ್ಪಿದ್ದರೆ ತಕ್ಕಡಿ ತಿದ್ದಿದ ಹಾಗೆ. ಆಮೇಲೆ ದಿನಾ ಅದೇ ಕಪ್ಪುಗಳಿಂದ ಓಡಿಸುತ್ತಿದ್ದೆನಲ್ಲ, ದಿನದಿನದ ಕಂಟ್ರೋಲ್ ಚುಕ್ಕಿ ಇಡೋ ನಮ್ಮ ಲೆವಿ-ಜೆನ್ನಿಂಗ್ಸ್ ಚಾರ್ಟ್ ಅಷ್ಟು ಚೆಂದ ಯಾವತ್ತೂ ಇರಲಿಲ್ಲ. ಚುಕ್ಕಿಗಳೆಲ್ಲ ನಡುಗೆರೆಯ ಮೇಲೇ.

ಆರನೇ ದಿನ ಒಬ್ಬ ಡಾಕ್ಟರು ಫೋನ್ ಮಾಡಿದರು. "ಏನಪ್ಪಾ, ನಿಮ್ಮಲ್ಲಿಗೆ ಬಂದೋರಿಗೆಲ್ಲಾ ಕ್ಯಾಲ್ಸಿಯಂ ಕಮ್ಮಿನಾ?" 9.4 ಇದ್ದವರಿಗೆ ನಾನು 8.5 ಅಂತ ಬರೆದುಕೊಡುತ್ತಿದ್ದೆ. ಪಕ್ಕದ ಲ್ಯಾಬಿನ ಗೆಳೆಯನ ಹತ್ತಿರ ಪಿಪೆಟ್ ತಂದು, ಇನ್ನೊಂದು ಬಾಟಲಿ ಒಡೆದು ಓಡಿಸಿದೆ. ಎಲ್ಲವೂ ಹತ್ತು ಪರ್ಸೆಂಟ್ ಕಮ್ಮಿ. ಆಗ ಕಪ್ಪಿನ ಲೆಕ್ಕ ನೆನಪಾಯಿತು.

ಅದಕ್ಕೇ ಹೇಳೋದು, ಒಂದೇ ಟೆಸ್ಟ್ ಕೆಟ್ಟರೆ ಆ ಟೆಸ್ಟಿಗೆ ಬೆರೆಸೋ ರಾಸಾಯನಿಕ, ರೀಏಜೆಂಟ್, ನೋಡಿ. ಎಲ್ಲವೂ ಒಂದೇ ಕಡೆಗೆ, ಹೆಚ್ಚುಕಮ್ಮಿ ಅಷ್ಟೇ ಜರುಗಿದ್ದರೆ ಮೊದಲು ಬಾಟಲಿ ಮೇಲೆ ಅನುಮಾನ ಪಡಿ. ಹೊಸ ಮಷೀನ್ ತಂದರೂ ಅದೇ ನೀರಲ್ಲಿ ಕಲಸಿದ ಕಂಟ್ರೋಲ್ ಅಲ್ವಾ ಓಡಿಸೋದು? ಇನ್ನು, ಕಂಟ್ರೋಲ್ ಮಿತಿಯೊಳಗೆ ಬರೋವರೆಗೂ ಮತ್ತೆ ಮತ್ತೆ ಓಡಿಸೋದು ನನಗೆ ಸ್ವಲ್ಪವೂ ಹಿಡಿಸಲ್ಲ. ಎಲ್ಲಾ ಸರಿ ಇದ್ದರೂ ಇಪ್ಪತ್ತರಲ್ಲಿ ಒಂದು ಸಲ 2 ಎಸ್‌ಡಿ ದಾಟೋದು ಸಹಜ. ಆದರೆ ಒಂದೇ ಕಡೆ ಸತತ ಎರಡು ಸಲ ದಾಟಿದರೆ, ಅಥವಾ ಒಂದು ಸಲ 3 ದಾಟಿದರೆ, ರಿಪೋರ್ಟ್ ನಿಲ್ಲಿಸಿ. ಲ್ಯಾಬ್ ಗುಣಮಟ್ಟದ ತಜ್ಞ ವೆಸ್ಟ್‌ಗಾರ್ಡ್ ಅವರು 1981ರಲ್ಲೇ ಹೇಳಿಟ್ಟ ನಿಯಮ ಇದು. ಕಾಯುವ ಜನ ಬೈದರೆ ಬೈಸಿಕೊಳ್ಳಿ. ಮಷೀನಿಗೆ ಸುರಿಯೋ ದುಡ್ಡಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ಈಕ್ವಾಸ್ (ಹೊರಗಿನಿಂದ ಲ್ಯಾಬಿನ ಗುಣಮಟ್ಟ ನೋಡೋ ಯೋಜನೆ) ಸೇರಿಕೊಳ್ಳಿ, ಹೊರಗಿನವರ ಸ್ಯಾಂಪಲ್ ಬಂದಾಗ ನಿಮ್ಮ ಚಾರ್ಟಿನ ಬಣ್ಣ ಗೊತ್ತಾಗುತ್ತದೆ.

ಆ ಆರು ದಿನದವರನ್ನೆಲ್ಲಾ ವಾಪಸ್ ಕರೆಸಿದೆವು. ಜಗಳೂರು ಕಡೆಯ ಒಬ್ಬ ಅಮ್ಮನಿಗೆ ಫಾಸ್ಟಿಂಗ್ ಶುಗರ್ 124 ಅಂತ ಕೊಟ್ಟಿದ್ದೆ. 126ರ ಕೆಳಗೆ ಅಂತ ಸಮಾಧಾನದಿಂದ ಹೋಗಿದ್ದರು. ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲೇ ಬಂದು, "ಮೊನ್ನೆ ಶುಗರ್ ಇಲ್ಲ ಅಂದಿದ್ಯಲ್ಲಪ್ಪಾ" ಅಂತ ಕೈ ಚಾಚಿದರು. 137 ಬಂತು.

ಈಗ ಹೇಳಿ, ನಿಮ್ಮ ಬಾಟಲಿಗೆ ನೀರು ಹಾಕಿದ್ದು ಯಾರು, ಯಾವುದರಲ್ಲಿ? ಎಷ್ಟು ಕಪ್ ಆಯಿತು?